ಪೋರ್ನ್ ಪಾಠ ಗಟ್ಟಿ, ಸೆಕ್ಸ್ ವರ್ಕ್ ಪಾಠ ಜಾಳು: ಒಂದು ಆನ್‌ಲೈನ್ ಕೋರ್ಸ್ ಬಗ್ಗೆ

ಪೋರ್ನ್, ಸೆಕ್ಸ್ ವರ್ಕ್, ಶೋಷಣೆ. ಈ ಮೂರರ ಬಗ್ಗೆ ಸ್ತ್ರೀವಾದಿಗಳು ತಮ್ಮತಮ್ಮಲ್ಲೇ ಆಡಿದ ಜಗಳವನ್ನು ಹೇಳಿಕೊಡುವ ವಿಡಿಯೊ ಕೋರ್ಸ್ ಇದು. ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಕೆಳಗೆ ಚೆನ್ನಾಗಿ ಬೈದಿದ್ದೇನೆ. ಮೊದಲರ್ಧಕ್ಕೆ ಧಾರಾಳವಾಗಿ ದುಡ್ಡು ಕೊಡಬಹುದು. ಉಳಿದರ್ಧ ಬೇರೆ ಕಡೆ ಓದಿಕೊಂಡರೇ ವಾಸಿ.

ಮೊದಲು ಹೊಗಳಿಬಿಡುತ್ತೇನೆ. ಈ ವಿಷಯ ಬಂದ ಕೂಡಲೇ ಒಬ್ಬರು ಬ್ಯಾನ್ ಮಾಡಿ ಅಂದರು, ಇನ್ನೊಬ್ಬರು ಸ್ವಾತಂತ್ರ್ಯ ಅಂದರು ಎಂದು ಮುಗಿಸುವವರೇ ಜಾಸ್ತಿ. ಇಲ್ಲಿ ಹಾಗಲ್ಲ. 1983ರಲ್ಲಿ ಪೋರ್ನ್ ವಿರೋಧಿ ಸ್ತ್ರೀವಾದಿಗಳಾದ ಆಂಡ್ರಿಯಾ ಡ್ವಾರ್ಕಿನ್ ಮತ್ತು ಕ್ಯಾಥರಿನ್ ಮ್ಯಾಕಿನನ್ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕಾಗಿ ಬರೆದ ಕರಡು ಕಾನೂನನ್ನೇ ತೆರೆಯ ಮೇಲಿಟ್ಟು ಸಾಲುಸಾಲಾಗಿ ಓದಿಸುತ್ತಾರೆ. ಓದಿದರೆ ಗೊತ್ತಾಗುತ್ತದೆ, ಅದರಲ್ಲಿ ಯಾರನ್ನೂ ಜೈಲಿಗೆ ಹಾಕುವ ಮಾತೇ ಇಲ್ಲ. ಪೋರ್ನ್‌ನಿಂದ ಹಾನಿಯಾದ ಹೆಣ್ಣು ಸಿವಿಲ್ ದಾವೆ ಹೂಡಬಹುದು, ಪರಿಹಾರ ಕೇಳಬಹುದು, ಮಾರಾಟ ನಿಲ್ಲಿಸಿ ಎನ್ನಬಹುದು. ಇನ್ನೊಂದು ಕಡೆ ಟೀಚರ್ ಬಹಳ ಹೊತ್ತು ನಿಲ್ಲುತ್ತಾರೆ, ನಿಲ್ಲಬೇಕಾದದ್ದೂ ಅಲ್ಲೇ. ಅವಳು ಕರಾರಿಗೆ ಸಹಿ ಹಾಕಿದ್ದಳು, ದುಡ್ಡು ತಗೊಂಡಿದ್ದಳು, ಯಾರೂ ಹೊಡೆದಿರಲಿಲ್ಲ ಎಂದು ತೋರಿಸಿದ ಮಾತ್ರಕ್ಕೆ ಬಲವಂತ ನಡೆದಿಲ್ಲ ಅಂತಾಗುವುದಿಲ್ಲ. ಹೀಗಂತ ಕಾನೂನಿನಲ್ಲೇ ಬರೆದಿದ್ದರು.

ಇದು ಹಳೇ ಕಥೆ ಅನ್ನಿಸಿದರೆ ಮುಂದಿನ ಪಾಠ ನೋಡಿ. ಗರ್ಲ್ಸ್ ಡು ಪೋರ್ನ್ ಎಂಬ ಅಮೆರಿಕದ ಸೈಟಿನ ಕೇಸ್. ಹುಡುಗಿಯರಿಗೆ ಮೊದಲು ಹೇಳಿದ್ದು ಮಾಡೆಲಿಂಗ್ ಕೆಲಸ ಅಂತ. ಆಮೇಲೆ ವಿಡಿಯೊ ಇಂಟರ್ನೆಟ್ಟಿಗೆ ಹೋಗಲ್ಲ, ದೂರದೇಶದಲ್ಲಿ ಡಿವಿಡಿಯಲ್ಲಿ ಮಾತ್ರ ಇರುತ್ತೆ ಅಂತ. ಸಹಿ ಹಾಕಿಸಿಕೊಂಡು ನೇರ ಇಂಟರ್ನೆಟ್ಟಿಗೇ ಹಾಕಿದರು. 2020ರ ಜನವರಿಯಲ್ಲಿ ಸ್ಯಾನ್ ಡಿಯಾಗೊ ಕೋರ್ಟು 22 ಮಹಿಳೆಯರ ಪರ ತೀರ್ಪು ಕೊಟ್ಟಿತು. ಸುಮಾರು 1.27 ಕೋಟಿ ಡಾಲರ್ ಪರಿಹಾರ, ಜೊತೆಗೆ ಆ ವಿಡಿಯೊಗಳ ಹಕ್ಕು ಕೂಡ ಅವರಿಗೇ. ಎಲ್ಲರ ಸಹಿಯೂ ಕಾಗದದ ಮೇಲಿತ್ತು! 1983ರ ಆ ಸಾಲುಗಳ ಪಕ್ಕದಲ್ಲೇ ಈ ಕೇಸ್ ಇಟ್ಟು ತೋರಿಸಿದ್ದಾರಲ್ಲ, ಅದೊಂದಕ್ಕೇ ಕೋರ್ಸ್ ದುಡ್ಡು ವಸೂಲಾಯ್ತು.

ಇಂಥ ಕಾನೂನು ಬೇಡ ಎಂದ ಎದುರು ಬಣಕ್ಕೂ ಮೋಸ ಮಾಡಿಲ್ಲ. ಮಿನಿಯಾಪೊಲಿಸ್‌ನ ಮೇಯರ್ ವೀಟೊ ಹಾಕಿದ ಮೇಲೆ ಇಂಡಿಯಾನಾಪೊಲಿಸ್ 1984ರಲ್ಲಿ ಅದೇ ತರಹದ ಕಾನೂನು ತಂದಿತು. ಅದರ ವಿರುದ್ಧ ಕೋರ್ಟಿಗೆ ಹೋದ ವಾದಪತ್ರಕ್ಕೆ ಕೇಟ್ ಮಿಲೆಟ್, ಏಡ್ರಿಯನ್ ರಿಚ್, ಬೆಟ್ಟಿ ಫ್ರೀಡನ್ ಅಂಥ ಹೆಸರಾಂತ ಸ್ತ್ರೀವಾದಿ ಲೇಖಕಿಯರೂ ಸಹಿ ಹಾಕಿದ್ದರು. ಇವರನ್ನೆಲ್ಲ ಪೋರ್ನ್ ಪ್ರೇಮಿಗಳು ಅನ್ನೋಕಾಗುತ್ತಾ? ಅವರ ಭಯ ಬೇರೆ. ಯಾವುದು ಅವಮಾನಕರ, ಯಾವುದು ಅಲ್ಲ ಎಂದು ಅಳೆಯುವ ಕೋಲು ಕೊನೆಗೆ ಯಾರ ಕೈಗೆ ಹೋಗುತ್ತೆ? ಕೆನಡಾದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಹೆಣ್ಣಿಗಾಗುವ ಹಾನಿಯನ್ನೇ ಅಳತೆಯಾಗಿಟ್ಟು ತೀರ್ಪು ಕೊಟ್ಟಿತು. ಸ್ವಲ್ಪ ದಿನಕ್ಕೇ ಪೊಲೀಸರು ಟೊರಾಂಟೊದ ಒಂದು ಗೇ ಪುಸ್ತಕದಂಗಡಿಗೆ ಹೋಗಿ ಲೆಸ್ಬಿಯನ್ನರು ಲೆಸ್ಬಿಯನ್ನರಿಗಾಗಿಯೇ ತರುತ್ತಿದ್ದ ಪತ್ರಿಕೆಯನ್ನು ಎತ್ತಿಕೊಂಡು ಬಂದರು. ದೊಡ್ಡ ಕುಳಗಳನ್ನು ಬಿಟ್ಟು ಇವರ ಮೇಲೆ ಯಾಕೆ ಅಂತ ಕೇಳಬೇಡಿ.

ಇನ್ನು ಎರಡನೇ ಅರ್ಧ. ಸೆಕ್ಸ್ ವರ್ಕ್ ಪಾಠ ಶುರುವಾದದ್ದೇ ತಡ, ಅದೇ ಟೀಚರಾ ಇವರು ಅನ್ನಿಸುವಷ್ಟು ಅವಸರ. ಸ್ವೀಡನ್ 1999ರಲ್ಲಿ ಗಿರಾಕಿಯನ್ನು ಅಪರಾಧಿ ಮಾಡಿತು, ಮಾರುವವಳನ್ನು ಬಿಟ್ಟಿತು. ಸರಿ. ಆಮೇಲೆ ಜರ್ಮನಿ ಮತ್ತು ನ್ಯೂಜಿಲೆಂಡನ್ನು ಒಂದೇ ಸ್ಲೈಡಿನಲ್ಲಿ ತುರುಕಿ 'ಕಾನೂನುಬದ್ಧ' ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅಲ್ಲ ಸ್ವಾಮಿ, ಎರಡೂ ಒಂದೇನಾ? ಜರ್ಮನಿಯಲ್ಲಿ 2017ರಿಂದ ಈ ಕೆಲಸ ಮಾಡುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ಹೆಸರು ದಾಖಲೆಗೆ ಬೀಳುತ್ತೆ ಎಂದು ಹೆದರಿದವಳು ಕಾನೂನಿನ ಹೊರಗೇ ಉಳಿಯುತ್ತಾಳೆ. ನ್ಯೂಜಿಲೆಂಡ್ 2003ರಲ್ಲಿ ಮಾಡಿದ್ದು ಅಪರಾಧದ ಪಟ್ಟಿಯಿಂದ ತೆಗೆದದ್ದು, ಅಂದರೆ ಇದನ್ನೂ ಬೇರೆ ಕೆಲಸಗಳ ಹಾಗೇ ನೋಡುವುದು. ಆದ್ದರಿಂದಲೇ ಅಲ್ಲಿ 2014ರಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆ ತಾನು ಕೆಲಸ ಮಾಡುತ್ತಿದ್ದ ಬ್ರಾಥೆಲ್‌ನ (ವೇಶ್ಯಾಗೃಹದ) ಮ್ಯಾನೇಜರ್ ಮೇಲೆ ಲೈಂಗಿಕ ಕಿರುಕುಳದ ಕೇಸ್ ಹಾಕಿ ಗೆದ್ದಳು. 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಸಿಕ್ಕಿತು. ಹಾಗಂತ ಅದೇನು ಸ್ವರ್ಗವಲ್ಲ, ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಅಲ್ಲೂ ಈ ಕೆಲಸ ಮಾಡುವಂತಿಲ್ಲ. ಶೋಷಣೆಗೆ ಸುಲಭವಾಗಿ ಸಿಗುವವರು ಇವರೇ ಅಲ್ವಾ? ಕೋರ್ಸಿನಲ್ಲಿ ಇದರ ಸುದ್ದಿಯೇ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಕ್ವಿಜ್ ನೋಡಿ. 'ಮಹಿಳೆಯರನ್ನು ರಕ್ಷಿಸುವ ಮಾದರಿ ಯಾವುದು?' ಎಂದು ಕೇಳಿ ಎರಡೇ ಉತ್ತರ ಕೊಟ್ಟಿದ್ದಾರೆ, ಸ್ವೀಡನ್ ಒತ್ತಿದರೆ ಹಸಿರು ಟಿಕ್ ಬರುತ್ತೆ. ಸ್ವೀಡನ್ನಿನ ದಾರಿ ಹಿಡಿದು ಐರ್ಲೆಂಡ್ 2017ರಲ್ಲಿ ಕಾನೂನು ಬದಲಿಸಿತು. 2019ರಲ್ಲಿ ಅಲ್ಲಿ ಒಂದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಲಸೆ ಹೆಂಗಸರಿಗೆ ಬ್ರಾಥೆಲ್ ನಡೆಸಿದ ಆರೋಪದ ಮೇಲೆ ಜೈಲಾಯ್ತು. ಒಬ್ಬಳು ಗರ್ಭಿಣಿ. ಇದನ್ನು ಹೇಳಿ, ಆಮೇಲೂ ಸ್ವೀಡನ್ ಪರ ವಾದ ಮಾಡಿ, ನನಗೆ ತಕರಾರಿಲ್ಲ. ಬಡತನ ಅಟ್ಟಿಕೊಂಡು ಬಂದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುವ ಆ ಬಣದ ಮಾತಿನಲ್ಲಿ ತೂಕ ಇದೆ. ಆದರೆ ಪೋರ್ನ್ ಪಾಠದಲ್ಲಿ ಅಷ್ಟು ಎಚ್ಚರದಿಂದ ದಾಖಲೆ ಬಿಡಿಸಿ ಓದಿದವರು ಇಲ್ಲಿ ಮಾತ್ರ, ಸೆಕ್ಸ್ ವರ್ಕ್ ಮಾಡುವ ಒಬ್ಬಳ ಮಾತನ್ನೂ ಕೇಳಿಸದೆ ಟಿಕ್ ಹಾಕಿಸಿಕೊಳ್ಳುವುದು ಯಾವ ನ್ಯಾಯ?

ಬ್ಯಾಂಕು, ಕಾರ್ಡು ಕಂಪನಿಗಳು ಈ ಸೈಟುಗಳ ಮೇಲೆ ಹಾಕುವ ಒತ್ತಡದ ಮಾತನ್ನೂ ಎರಡು ನಿಮಿಷದಲ್ಲಿ ಹಾರಿಸಿದ್ದಾರೆ. ಚಂದಾ ಕಟ್ಟಿದವರಿಗೆ ವಿಡಿಯೊ ತೋರಿಸುವ ಓನ್ಲಿಫ್ಯಾನ್ಸ್ ಸೈಟು 2021ರ ಆಗಸ್ಟ್‌ನಲ್ಲಿ ಬ್ಯಾಂಕುಗಳ ಕಾರಣ ಹೇಳಿ ಲೈಂಗಿಕ ವಿಡಿಯೊ ನಿಲ್ಲಿಸುತ್ತೇವೆ ಅಂತು, ವಾರದೊಳಗೆ ಇಲ್ಲ ಅಂತು. ಅದನ್ನೇ ನಂಬಿಕೊಂಡವರ ಆ ವಾರ ಹೇಗೆ ಹೋಗಿರಬೇಡ, ಅದರ ಮೇಲೇ ಒಂದು ಇಡೀ ಪಾಠ ಮಾಡಬಹುದಿತ್ತು.

ಸಬ್‌ಟೈಟಲ್ ತಾನಾಗೇ ಬರುವಂಥದ್ದು, ಡ್ವಾರ್ಕಿನ್ ಹೆಸರು ಒಂದೊಂದು ಸಲ ಒಂದೊಂದು ತರ ಬರುತ್ತೆ. ಆಡಿಯೊ ಚೆನ್ನಾಗಿದೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಆ ಕ್ವಿಜ್ ಪಾಸಾಗಬೇಕು, ನಾನು ಬಿಟ್ಟೆ. ಐದರಲ್ಲಿ ಮೂರು ಸ್ಟಾರ್.