ನಾಲ್ಕು ವರ್ಷ ಬಳಸಿದ ಮೇಲೆ: ಕ್ಯಾಮೆರಾ ಬೀಮ್ ಪ್ರೊಫೈಲರ್

ಪೀಣ್ಯದಲ್ಲಿ ಲೇಸರ್ ಮಾರ್ಕಿಂಗ್ ಮಷಿನ್‌ಗಳ ಸರ್ವೀಸ್ ನನ್ನ ಕೆಲಸ. ಹೆಚ್ಚಿನವು 1064 ನ್ಯಾನೊಮೀಟರಿನ 20 ವ್ಯಾಟ್ ಫೈಬರ್ ಲೇಸರ್‌ಗಳು. ಬೀಮಿನೊಳಗೆ ಎಲ್ಲಿ ಎಷ್ಟು ಬೆಳಕಿದೆ ಅಂತ ಚಿತ್ರವಾಗಿ ತೋರಿಸುವ ಕ್ಯಾಮೆರಾ ಈ ಪ್ರೊಫೈಲರ್. ಅದ್ಯಾಕೆ, ಪವರ್ ಮೀಟರ್ ಇದ್ದರೆ ಸಾಕಲ್ವಾ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಒಂದು ಮಷಿನ್‌ನಲ್ಲಿ ಮೀಟರ್ 19 ವ್ಯಾಟ್ ತೋರಿಸುತ್ತಿತ್ತು, ಆದರೂ ಸ್ಟೀಲ್ ಮೇಲೆ ಅಡ್ಡಗೆರೆ ಗಾಢ, ಉದ್ದಗೆರೆ ತೆಳು. ಪ್ರೊಫೈಲರ್ ಇಟ್ಟು ನೋಡಿದರೆ ದುಂಡಗಿರಬೇಕಾದ ಬೀಮಿನ ಒಂದು ಪಕ್ಕ ಕಚ್ಚಿ ತೆಗೆದ ಹಾಗಿತ್ತು. ಬೀಮನ್ನು ಅಗಲ ಮಾಡುವ ಬೀಮ್ ಎಕ್ಸ್‌ಪಾಂಡರಿನ ಸ್ಕ್ರೂ ಸಡಿಲವಾಗಿ, ಅದು ಪಕ್ಕಕ್ಕೆ ಸರಿದು ಅಂಚು ಕತ್ತರಿಸುತ್ತಿತ್ತು. ಅಂಚಿನಲ್ಲಿ ಇರುವ ಶಕ್ತಿಯೇ ಕಡಿಮೆ, ಅದಕ್ಕೇ ಮೀಟರಿಗೆ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಅದು ಒಟ್ಟು ಎಷ್ಟು ಅಂತ ಹೇಳುತ್ತದೆ, ಎಲ್ಲಿ ಎಷ್ಟು ಅಂತ ಹೇಳುವುದಿಲ್ಲ.

ಕ್ಯಾಮೆರಾ ಚೆನ್ನಾಗಿದೆ. ತೊಂದರೆ ಕೊಟ್ಟಿದ್ದು ಅದರ ಜೊತೆ ಬಂದ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಬೆಳಕು ಹೀರಿ ಬಿಸಿಯಾಗಿ ಅದೇ ಒಂದು ಲೆನ್ಸ್ ಆಗಿಬಿಡುತ್ತದೆ. ನೋಡನೋಡುತ್ತಲೇ ಸ್ಕ್ರೀನಿನ ಮೇಲೆ ಬೀಮ್ ದೊಡ್ಡದಾಗುತ್ತದೆ. ಮಾರಿದವರು ಈ ಮಾತೇ ಎತ್ತಿರಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಈಗ ಮೊದಲು ಎರಡು ಗಾಜಿನ ವೆಡ್ಜ್ (ಓರೆ ಮುಖದ ಗಾಜಿನ ತುಂಡು) ಇಡುತ್ತೇನೆ. ಒಂದೊಂದೂ ಸುಮಾರು 4% ಮಾತ್ರ ಪ್ರತಿಫಲಿಸುವುದರಿಂದ 20 ವ್ಯಾಟ್ ಇಳಿದು 32 ಮಿಲಿವ್ಯಾಟ್ ಹತ್ತಿರ ಬರುತ್ತದೆ, ಆಮೇಲೆ ಫಿಲ್ಟರ್. ಉಳಿದ ಬೆಳಕಿಗೆ ಅದನ್ನು ಹೀರಿಕೊಳ್ಳುವ ಬೀಮ್ ಡಂಪ್ ಬೇಕೇ ಬೇಕು.

ಇನ್ನೊಂದು ಸಲ ಚಿತ್ರದ ತುಂಬ ಸಣ್ಣ ಗೆರೆಗಳು. ಲೇಸರೇ ಕೆಟ್ಟಿದೆ ಅಂತ ಎರಡು ದಿನ ಹುಡುಕಿದೆ. ಕೊನೆಗೆ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿದೆ. ಸ್ಕ್ರೀನಿನಲ್ಲಿ ಬೀಮಿನ ಆಕಾರ ತಿರುಗಿತು, ಗೆರೆಗಳು ಇದ್ದಲ್ಲೇ ಇದ್ದವು. ಅಂದರೆ ಅವು ಕ್ಯಾಮೆರಾದವೇ: ಸೆನ್ಸರ್ ಮೇಲಿನ ಗಾಜಿನ ಎರಡು ಮುಖಗಳ ನಡುವೆ ಬೆಳಕು ಹೋಗಿ ಬಂದು ಮಾಡಿದ್ದು. ಆ ಗಾಜು ಇಲ್ಲದ ಸೆನ್ಸರನ್ನೇ ಕೇಳಿ ತಗೊಳ್ಳಿ.

ಸಾಫ್ಟ್‌ವೇರ್ ಕೊಡುವ ಡಿ4ಸಿಗ್ಮಾ ಅಗಲವನ್ನು (ಬೆಳಕಿನ ಹಂಚಿಕೆಯಿಂದ ಲೆಕ್ಕ ಹಾಕಿದ ಬೀಮಿನ ಅಗಲ) ಸುಮ್ನೆ ನಂಬಬೇಡಿ. ಆ ಲೆಕ್ಕದಲ್ಲಿ ನಡುವಿನಿಂದ ದೂರ ಹೋದಷ್ಟೂ ದೂರದ ವರ್ಗದಷ್ಟು ತೂಕ ಸಿಗುತ್ತದೆ, ಹಾಗಾಗಿ ಮೂಲೆಯಲ್ಲಿ ಚೂರು ಹಿನ್ನೆಲೆ ಬೆಳಕಿದ್ದರೂ ಅಗಲ ಉಬ್ಬುತ್ತದೆ. ಬೀಮ್ ಮುಚ್ಚಿ ಹಿನ್ನೆಲೆ ಕಳೆದ ಮೇಲೇ ಅಳೆಯಿರಿ.

ಎಂ ಸ್ಕ್ವೇರ್ (ಬೀಮ್ ಆದರ್ಶ ಬೀಮಿಗೆ ಎಷ್ಟು ಹತ್ತಿರ ಅಂತ ಹೇಳುವ ಅಂಕಿ) ಅಳೆಯಲು ಕ್ಯಾಮೆರಾವನ್ನು ರೈಲ್ ಮೇಲೆ ಕೈಯಿಂದಲೇ ಸರಿಸುತ್ತೇನೆ. ಐಎಸ್‌ಒ 11146 ಮಾನದಂಡದ ಪ್ರಕಾರ ಕನಿಷ್ಠ 10 ಜಾಗದಲ್ಲಿ ಅಳೆಯಬೇಕು: ಅವುಗಳಲ್ಲಿ ಅರ್ಧದಷ್ಟು, ಬೀಮಿನ ಸೊಂಟದ (ಬೀಮ್ ಅತಿ ಸಣ್ಣಗಿರುವ ಜಾಗದ) ಆಚೀಚೆ ಒಂದು ರೇಲೀ ಉದ್ದದೊಳಗೆ (ಸೊಂಟದಿಂದ ಬೀಮಿನ ವಿಸ್ತೀರ್ಣ ಎರಡರಷ್ಟಾಗುವವರೆಗಿನ ದೂರ), ಉಳಿದವು ಎರಡು ರೇಲೀ ಉದ್ದದಾಚೆ. ನಿಧಾನದ ಕೆಲಸ, ಆದರೆ ನಂಬಬಹುದು.

ಸಿಒ2 ಲೇಸರ್ ಇಟ್ಟುಕೊಂಡವರು ಇದನ್ನು ತಗೋಬೇಡಿ. 10.6 ಮೈಕ್ರಾನ್ ಬೆಳಕು ಸಿಲಿಕಾನ್ ಸೆನ್ಸರಿಗೆ ಕಾಣುವುದೇ ಇಲ್ಲ, ಅದಕ್ಕೆ ಬಿಸಿಯನ್ನು ಗುರುತಿಸುವ ಪೈರೋಎಲೆಕ್ಟ್ರಿಕ್ ಕ್ಯಾಮೆರಾ ಬೇಕು.