ಬೂದಿ ನೆಲಕ್ಕೆ ಯಾವ ಟೆಂಟು? ತುಂಗೆಯ ಮರಳಲ್ಲಿ ಕಟ್ಟಿ ನೋಡಿದ ಮೂರು

ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿರುವ ರಿಂಜಾನಿ ರಾಷ್ಟ್ರೀಯ ಉದ್ಯಾನಕ್ಕೆ ಶಿವಮೊಗ್ಗ, ತೀರ್ಥಹಳ್ಳಿ ಕಡೆಯಿಂದ ಹೊರಡುವವರು ಶೂ, ಜಾಕೆಟ್ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಟೆಂಟ್ ಮಾತ್ರ ಮನೆಯಲ್ಲಿರುವುದೇ ಸಾಕು ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ರಿಂಜಾನಿ ಒಂದು ಜ್ವಾಲಾಮುಖಿ, ಅದರ ತುದಿ 3,726 ಮೀಟರ್. ಸೆಂಬಾಲುನ್ ದಾರಿಯಲ್ಲಿ ಹೋದರೆ ರಾತ್ರಿ ತಂಗುವುದು ಅದರ ಬಾಯಂಚಿನ ಏಣಿನ ಮೇಲೆ, ಸುಮಾರು 2,639 ಮೀಟರಿನಲ್ಲಿ. ರಾಜ್ಯದಲ್ಲೇ ಎತ್ತರವಾದ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಮಲಗುವ ಜಾಗವೇ ಅದಕ್ಕಿಂತ 700 ಮೀಟರ್ ಮೇಲಿದೆ.

ಅಲ್ಲಿ ಮಳೆಗಾಲದಲ್ಲಿ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಚಾರಣ ಬಂದ್. ಒಣ ಹವೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ನಾವಿಲ್ಲಿ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಹೊತ್ತಿಗೆ ಅಲ್ಲಿ ಬಿಸಿಲು. ಮಲೆನಾಡಿನವರು ಟೆಂಟ್ ಕೊಳ್ಳುವಾಗ ಮೊದಲು ಕೇಳುವುದು ‘ಮಳೆ ತಡೀತದಾ?’ ಅಂತ. ಆ ಹೊತ್ತಿನ ರಿಂಜಾನಿಗೆ ಕೇಳಬೇಕಾದ್ದು ‘ಗೂಟ ಹಿಡೀತದಾ?’ ಅಂತ.

ಜ್ವಾಲಾಮುಖಿಯ ನೆಲ ಎರಡು ಥರ: ಕಾಲಿಟ್ಟರೆ ಜಾರುವ ಬೂದಿ–ಹರಳು, ಇಲ್ಲವೇ ಗಟ್ಟಿಕಟ್ಟಿದ ಲಾವಾ. ಎರಡಕ್ಕೂ ಹತ್ತಿರವಾದ ನೆಲ ನಮ್ಮಲ್ಲೇ ಇದೆ. ಬೇಸಿಗೆಯಲ್ಲಿ ತುಂಗೆಯ ದಂಡೆಯ ಒಣ ಮರಳು ಬೂದಿಯ ಬದಲಿಗೆ, ಜಂಬಿಟ್ಟಿಗೆ ದಿಬ್ಬ ಲಾವಾದ ಬದಲಿಗೆ. ಮೂರು ಬಗೆಯ ಗೂಡುಗಳನ್ನೂ ಎರಡೂ ಕಡೆ ಕಟ್ಟಿ ನೋಡಿದ್ದೇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕಿ ತಂಗಲು ಬಿಡುವುದಿಲ್ಲ. ಹಾಗಾಗಿ ಪರೀಕ್ಷೆಗೆ ಸ್ವಂತ ಜಾಗ, ಇಲ್ಲವೇ ಕೇಳಿ ಪಡೆದ ಜಾಗವೇ ಸರಿ.

ಟಾರ್ಪಾಲು ಮತ್ತು ಹ್ಯಾಮಕ್

ಮಲೆನಾಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನೆಲ ಒದ್ದೆಯಾಗಿರಲಿ, ಇಳಿಜಾರಿರಲಿ, ಇಂಬಳ ಇರಲಿ, ಮಲಗುವವರು ಮೇಲಿರುತ್ತಾರೆ. 3×3 ಮೀಟರಿನ ಟಾರ್ಪ್, ಎರಡು ಮರಗಳ ನಡುವೆ ತೂಗುವ ಹ್ಯಾಮಕ್, ಅದನ್ನು ಮರಕ್ಕೆ ಕಟ್ಟುವ ಅಗಲ ಪಟ್ಟಿ ಎಲ್ಲ ಸೇರಿ ಒಂದೂವರೆ ಕೆ.ಜಿ. ಒಳಗೆ ಮುಗಿಯುತ್ತದೆ. ಪಟ್ಟಿ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಬಿಗಿದು ನೇರ ಮಾಡಿದಷ್ಟೂ ಮರದ ಮೇಲೆ, ಹೊಲಿಗೆಯ ಮೇಲೆ ಎಳೆತ ಹೆಚ್ಚುತ್ತದೆ. ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ, ಬಾಗುತ್ತದೆ. ಮಾವು, ಹಲಸು ಆಗಬಹುದು.

ರಿಂಜಾನಿಯ ಸೆಂಬಾಲುನ್ ದಾರಿ ಬಹುಪಾಲು ಬಯಲು ಹುಲ್ಲುಗಾವಲು. ಮರ ನೆಚ್ಚಿಕೊಂಡು ಹೋಗುವ ಜಾಗ ಅದಲ್ಲ. ಬರೀ ಟಾರ್ಪನ್ನು ಕೋಲಿಗೆ ಕಟ್ಟಿದರೆ ಗಾಳಿ ಅಡಿಯಿಂದ ನುಗ್ಗಿ ಎತ್ತುತ್ತದೆ, ಬೂದಿ ಕಣ್ಣಿಗೆ, ಅನ್ನಕ್ಕೆ ಬೀಳುತ್ತದೆ. ಅಲ್ಲಿಗೆ ಇದು ಬೇಡವೇ ಬೇಡ.

ಚಾರಣ ಕೋಲಿನ ಮೇಲೆ ನಿಲ್ಲುವ ಒಂದೇ ಪದರದ ಟೆಂಟ್

ತೂಕ ಸುಮಾರು 1.2 ಕೆ.ಜಿ., ಆಸೆ ಹುಟ್ಟಿಸುವಂಥದ್ದು. ಆದರೆ ಇದಕ್ಕೆ ಸ್ವಂತ ಬೆನ್ನೆಲುಬಿಲ್ಲ. ಗೂಟ ಮತ್ತು ಹಗ್ಗದ ಎಳೆತವೇ ಎಲ್ಲ. ಜೊತೆಗೆ ಬರುವ 18 ಸೆಂ.ಮೀ. ಅಲ್ಯೂಮಿನಿಯಂ ಗೂಟವನ್ನು ಒಣ ಮರಳಲ್ಲಿ ತಲೆವರೆಗೂ ಊರಿದರೂ ಒಂದು ಕೈಯ ಎಳೆತಕ್ಕೆ ಬೆಣ್ಣೆಯಿಂದ ಚಾಕು ತೆಗೆದಂತೆ ಬರುತ್ತದೆ. ಮೂಲೆಯ ಒಂದು ಗೂಟ ಕಿತ್ತರೆ ಕೋಲು ವಾಲುತ್ತದೆ, ಅದರ ಹಿಂದೆಯೇ ಇಡೀ ಟೆಂಟ್ ಮುಖದ ಮೇಲೆ ಬೀಳುತ್ತದೆ. ಜಂಬಿಟ್ಟಿಗೆಯಲ್ಲಿ ಅದೇ ಗೂಟ ಎರಡು ಬೆರಳು ಇಳಿದು ಬಾಗಿತು. 6 ಮಿ.ಮೀ. ದಪ್ಪದ ಉಕ್ಕಿನ ಮೊಳೆ ಇಳಿಯಿತು, ಆದರೆ ಎಂಟು ಮೊಳೆ ಹೊತ್ತರೆ ಉಳಿಸಿದ ತೂಕ ಅಲ್ಲಿಗೇ ಹೋಯಿತು.

ಇನ್ನೊಂದು ತೊಂದರೆ ಬೆವರು. ಇಬ್ಬರ ಉಸಿರಿನ ತೇವ ತಣ್ಣಗಾದ ಬಟ್ಟೆಗೆ ತಾಗಿ ನೀರಾಗುತ್ತದೆ. ಡಿಸೆಂಬರಿನ ಇಬ್ಬನಿಯಲ್ಲಿ ಬೆಳಗಿನ ಜಾವ ಒಳಮೈ ಸವರಿದರೆ ಅಂಗೈ ಪೂರ್ತಿ ಒದ್ದೆ. ಮೋಡದೊಳಗೆ ಕೂತಿರುವ ಬಾಯಂಚಿನಲ್ಲೂ ಇದೇ ಗತಿ.

ತಾನೇ ನಿಲ್ಲುವ ಎರಡು ಪದರದ ಡೋಮ್

ಭಾರ 2.3ರಿಂದ 2.8 ಕೆ.ಜಿ. ಹಾಗಿದ್ದೂ ನಮ್ಮ ಮತ ಇದಕ್ಕೇ. ಎರಡು ಅಡ್ಡಕಡ್ಡಿ ಬಾಗಿಸಿ ಸಿಕ್ಕಿಸಿದರೆ ಗೂಟವಿಲ್ಲದೆಯೂ ಆಕಾರ ಬರುತ್ತದೆ. ಒಂದು ಗೂಟ ಕಿತ್ತರೂ ಕುಸಿಯುವುದಿಲ್ಲ, ಎದ್ದು ಸರಿಮಾಡಲು ಸಮಯ ಸಿಗುತ್ತದೆ. ಉಸಿರಿನ ನೀರು ಹೊರಪದರದಲ್ಲೇ ಉಳಿಯುತ್ತದೆ.

ಕೊಳ್ಳುವಾಗ ಎರಡು ವಿಷಯ ನೋಡಿ. ಒಳಗೂಡು ಪೂರ್ತಿ ಸೊಳ್ಳೆಪರದೆಯದಾಗಿದ್ದರೆ ಬೂದಿ ಜರಡಿ ಹಿಡಿದ ಹಾಗೆ ಒಳಗೆ ಸುರಿಯುತ್ತದೆ; ಕೆಳಗಿನ ಅರ್ಧವಾದರೂ ಬಟ್ಟೆಯದಿರಲಿ. ಹೊರಹೊದಿಕೆ ನೆಲಕ್ಕೆ ನಾಲ್ಕು ಬೆರಳಿನಷ್ಟು ಹತ್ತಿರ ಬರಬೇಕು.

ಆದರೆ ನಿಲ್ಲುವುದೇ ಬೇರೆ, ಹಿಡಿದು ನಿಲ್ಲುವುದೇ ಬೇರೆ. ಕಟ್ಟದ ಖಾಲಿ ಡೋಮ್ ಹೊಳೆಯಂಚಿನ ಸಂಜೆಗಾಳಿಗೇ ಉರುಳುತ್ತದೆ. ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಅಂಗಡಿಯ ಅಗಲವಾದ ಮರಳುಗೂಟವಲ್ಲ, 5 ಕೆ.ಜಿ. ಅಕ್ಕಿಯ ಖಾಲಿ ನೂಲಿನ ಚೀಲ. ಆರು ಚೀಲ ಮಡಚಿದರೆ ಒಂದು ಅಂಗಿಯಷ್ಟೂ ಜಾಗ ಬೇಡ.

ಚೀಲಕ್ಕೆ ಅಲ್ಲಿನದೇ ಮರಳನ್ನು ಮುಕ್ಕಾಲು ತುಂಬಿ ಬಾಯಿ ಮಡಚಿ. ಪೂರ್ತಿ ತುಂಬಿದರೆ ಗುಂಡಗಾಗಿ ಉರುಳುತ್ತದೆ. ಹಗ್ಗವನ್ನು ಚೀಲದ ನಡುವಿಗೆ ಸುತ್ತಿ ಕಟ್ಟಿ, ಬಾಯಿಗೆ ಕಟ್ಟಬೇಡಿ. ಬಾಯಿಗೆ ಕಟ್ಟಿದ್ದು ಎಳೆದಾಗ ಉದ್ದುದ್ದಕ್ಕೆ ತಿರುಗಿ ಮೀನಿನ ಹಾಗೆ ನುಸುಳಿ ಬರುತ್ತದೆ. ಟೆಂಟಿನಿಂದ ಒಂದು ಮೀಟರ್ ದೂರದಲ್ಲಿ ಒಂದು ಅಡಿ ಆಳ ತೋಡಿ, ಎಳೆತಕ್ಕೆ ಅಡ್ಡಲಾಗಿ ಮಲಗಿಸಿ. ಹಗ್ಗ ಓರೆಯಾಗಿ ಹೊರಬರಲು ಸಣ್ಣ ಕಾಲುವೆ ಸೀಳಿ. ಅದಿಲ್ಲದಿದ್ದರೆ ಹಗ್ಗ ಚೀಲವನ್ನು ನೇರ ಮೇಲಕ್ಕೆ ಎತ್ತುತ್ತದೆ. ಮಣ್ಣು ಮುಚ್ಚಿ ಹಿಮ್ಮಡಿಯಲ್ಲಿ ಚೆನ್ನಾಗಿ ತುಳಿಯಿರಿ. ಹೀಗೆ ಹೂತದ್ದು ಎರಡೂ ಕೈಯಲ್ಲಿ ಜಗ್ಗಿದರೂ ಕದಲಲಿಲ್ಲ. ಮೊದಲ ಎರಡು ಚೀಲ ಗಾಳಿ ಬರುವ ದಿಕ್ಕಿಗೆ, ಬಾಗಿಲು ಗಾಳಿಗೆ ಬೆನ್ನಾಗುವ ದಿಕ್ಕಿಗೆ. ಹೊರಡುವಾಗ ಗುಂಡಿ ಮುಚ್ಚಿ, ಚೀಲ ವಾಪಸ್ ತನ್ನಿ.

ಗಟ್ಟಿ ಲಾವಾದ ಮೇಲೆ ಕಲ್ಲಿಗೆ ಕಟ್ಟುವುದೊಂದೇ ದಾರಿ. ಅದರ ಅಂಚು ಗಾಜಿನಂತೆ ಚೂಪು, 2 ಮಿ.ಮೀ. ಹಗ್ಗ ರಾತ್ರಿಯಿಡೀ ತಿಕ್ಕಿ ತುಂಡಾಗಬಹುದು. 3 ಮಿ.ಮೀ. ಹಗ್ಗ ಒಯ್ದು, ಕಲ್ಲು ತಾಗುವ ಜಾಗಕ್ಕೆ ಹಳೆ ಸೈಕಲ್ ಟ್ಯೂಬಿನ ಗೇಣುದ್ದದ ತುಂಡು ತೊಡಿಸಿ.

ಸಾಮಾನು ಹೊರುವ ಪೋರ್ಟರ್‌ಗಳು ತರುವ ಟೆಂಟಿನಲ್ಲೇ ಉಳಿಯುವವರು ಬೆಟ್ಟದ ಬುಡದಲ್ಲೇ ಒಮ್ಮೆ ಬಿಚ್ಚಿಸಿ ನೋಡಬೇಕು: ಗೂಟ ಎಷ್ಟಿವೆ, ಹೊರಹೊದಿಕೆಯ ಹಗ್ಗಗಳು ಇವೆಯೇ, ಕಡ್ಡಿ ಸೀಳಿದೆಯೇ, ಜಿಪ್ ಮುಚ್ಚುತ್ತದೆಯೇ.

ಹಾಸಿಗೆಯ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ. ಗಾಳಿ ತುಂಬುವ ಮ್ಯಾಟ್ ಮೆತ್ತಗಿರುತ್ತದೆ, ಆದರೆ ಒಂದು ಹರಳು ಚುಚ್ಚಿದರೆ ನೆಲವೇ ಗತಿ. ಮಡಚುವ ಫೋಮ್ ಮ್ಯಾಟೇ ಇರಲಿ. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕ ಹಾಕಿದರೆ, ಕಡಲತೀರದಲ್ಲಿ 25 ಡಿಗ್ರಿ ಇರುವ ರಾತ್ರಿ ಬಾಯಂಚಿನಲ್ಲಿ 8ರ ಆಸುಪಾಸು. ಗಾಳಿ ಬೀಸಿದರೆ ಇನ್ನೂ ಚಳಿ.

ಅಡುಗೆಯ ಗ್ಯಾಸ್ ಡಬ್ಬಿ ವಿಮಾನದಲ್ಲಿ ಎಲ್ಲಿಯೂ ಇಡುವಂತಿಲ್ಲ, ಅಲ್ಲೇ ಕೊಳ್ಳಬೇಕು. ಆ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ, ಬೇಳೆ ಬೇಯುವುದು ನಿಧಾನ. ಗಟ್ಟಿ ಅವಲಕ್ಕಿ, ಹುರಿದ ರವೆ ಒಯ್ಯಿರಿ.

ಬೂದಿ ತಿನ್ನುವುದು ಮೊದಲು ಜಿಪ್ಪನ್ನು. ಎಣ್ಣೆ ಹಚ್ಚಿದರೆ ಇನ್ನಷ್ಟು ದೂಳು ಅಂಟುತ್ತದೆ. ಒಣ ಹಲ್ಲುಜ್ಜುವ ಬ್ರಷ್‌ನಿಂದ ದಿನಾ ಎರಡು ಬಾರಿ ಉಜ್ಜಿದರೆ ಸಾಕು.

ವಾಪಸ್ ಬರುವುದು ನಮ್ಮ ಮಳೆಗಾಲಕ್ಕೆ, ಟೆಂಟ್ ಹೆಚ್ಚಾಗಿ ಹಾಳಾಗುವುದೂ ಆಗಲೇ. ತೇವದಲ್ಲಿ ಮಡಚಿಟ್ಟರೆ ಬಟ್ಟೆಯ ಒಳಲೇಪ ತಿಂಗಳುಗಳಲ್ಲಿ ಅಂಟಂಟಾಗಿ ಹುಳಿವಾಸನೆ ಹೊಡೆಯುತ್ತದೆ. ಹಾಗಾದ ಮೇಲೆ ಸರಿಹೋಗುವುದಿಲ್ಲ. ಸೋಪಿಲ್ಲದ ನೀರಲ್ಲಿ ಬೂದಿ ತೊಳೆದು, ಒಲೆಯ ಅಟ್ಟದಲ್ಲಿ ಹಾಕದೆ, ಒಳಮನೆಯಲ್ಲಿ ಹಗ್ಗ ಕಟ್ಟಿ ಫ್ಯಾನಿನಡಿ ಎರಡು ದಿನ ಒಣಗಿಸಿ. ಹೊಲಿಗೆಯ ಜಾಗ ಕೊನೆಗೆ ಒಣಗುತ್ತದೆ, ಅದನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೊಂದು ದಿನ ಬಿಡಿ. ಆಮೇಲೆ ಹತ್ತಿಬಟ್ಟೆಯ ಚೀಲದಲ್ಲಿ ಸಡಿಲವಾಗಿ ತುಂಬಿಡಿ.