ಇನ್‌ಸ್ಟಾಗ್ರಾಮ್‌ನಲ್ಲಿ ನನ್ನ 8 ವರ್ಷ: 5ಕ್ಕೆ 3 ಸ್ಟಾರ್

2017ರಲ್ಲಿ ಮೈಸೂರಿನಲ್ಲಿ ಡಿಗ್ರಿಗೆ ಸೇರಿದ ವಾರವೇ ಇನ್‌ಸ್ಟಾಗ್ರಾಮ್ ಹಾಕಿಕೊಂಡೆ. ಫಿಲ್ಟರ್, ಕ್ಯಾಮೆರಾ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿದ್ದು ಒಂದೇ: ಇದರಿಂದ ಗೆಳೆಯರ ಜತೆ ಕೂರುವುದು ಜಾಸ್ತಿಯಾಯಿತಾ, ಕಮ್ಮಿಯಾಯಿತಾ?

24 ಗಂಟೆಗೆ ಮಾಯವಾಗುವ ಸ್ಟೋರಿ ಬಂದಿದ್ದು 2016ರಲ್ಲಿ. ನಾನು ಸೇರುವ ಹೊತ್ತಿಗೆ ಎಲ್ಲರೂ ಅದರಲ್ಲೇ ಇದ್ದರು. ಕಾಲೇಜು ಮುಗಿದು ಒಬ್ಬ ಪುಣೆ, ಒಬ್ಬ ಬೆಂಗಳೂರು ಅಂತ ಚದುರಿದ ಮೇಲೂ ಯಾರು ಎಲ್ಲಿ ಊಟ ಮಾಡಿದರು ಅನ್ನುವುದೂ ಗೊತ್ತಾಗುತ್ತಿತ್ತು. ಗೊತ್ತಿದೆಯಲ್ಲ ಅಂತ ನಾನು ಫೋನ್ ಮಾಡುವುದನ್ನೇ ಬಿಟ್ಟೆ. ಶುದ್ಧ ಸೋಮಾರಿತನ, ನನ್ನದೇ. 14 ತಿಂಗಳಾದ ಮೇಲೆ ಹಳೇ ರೂಮ್‌ಮೇಟ್ ಸಿಕ್ಕ. ಟೀ ಬಂತು.

"ಗೋಕರ್ಣಕ್ಕೆ ಹೋಗಿದ್ವಿ ಮಗಾ..."

"ನೋಡ್ದೆ."

"ಹೊಸ ಬೈಕು..."

"ಅದೂ ನೋಡ್ದೆ."

ಅಲ್ಲಿಗೆ ಮಾತು ಮುಗೀತು. ಅವರಪ್ಪನಿಗೆ ಆಪರೇಷನ್ ಆಗಿದ್ದನ್ನು ಎದ್ದು ಹೊರಡುವಾಗ ಹೇಳಿದ. ಅದನ್ನು ಯಾರು ಸ್ಟೋರಿ ಹಾಕುತ್ತಾರೆ?

ಹಾಗಂತ ಬೈಯಲಾರೆ. 2018ರ ಕೊನೆಗೆ ನಾವು ಆರಿಸಿದವರಿಗಷ್ಟೇ ಸ್ಟೋರಿ ಕಾಣುವ 'ಕ್ಲೋಸ್ ಫ್ರೆಂಡ್ಸ್' ಪಟ್ಟಿ ಬಂತಲ್ಲ, ಅದರಲ್ಲಿ ಊರಲ್ಲೇ ಇರುವ 11 ಜನರನ್ನಷ್ಟೇ ಇಟ್ಟುಕೊಂಡಿದ್ದೇನೆ. ಶನಿವಾರ ರಾತ್ರಿ ಹಸಿರು ಉಂಗುರದ ಒಂದು ಸ್ಟೋರಿ: "ನಾಳೆ 6ಕ್ಕೆ, ಪಾದದ ಹತ್ರ." ಚಾಮುಂಡಿ ಬೆಟ್ಟದ ಮೆಟ್ಟಿಲು. ಯಾರ್‍ಯಾರು ನೋಡಿದರು ಅನ್ನುವ ಪಟ್ಟಿ ನನ್ನ ಕೈಯಲ್ಲೇ ಇರುವುದರಿಂದ "ಗೊತ್ತೇ ಆಗ್ಲಿಲ್ಲ ಮಗಾ" ಅನ್ನುವ ಹಾಗಿಲ್ಲ. ಎಲ್ಲರೂ ನೋಡಿರುತ್ತಾರೆ, ಬರುವುದು ಮೂರೋ ನಾಲ್ಕೋ ಜನ. ಸಾಕು. ದಾರಿ ಮಧ್ಯದ ನಂದಿ ವಿಗ್ರಹ ಮುಟ್ಟುವಷ್ಟರಲ್ಲಿ ಯಾರಿಗೂ ಉಸಿರಿರುವುದಿಲ್ಲ. ಮಾತೆಲ್ಲ ಇಳಿಯುವಾಗ, ಆಮೇಲೆ ದೋಸೆ ಮುಂದೆ.

ಪಿಯುಸಿ ಓದುವ ತಂಗಿಯದು ಬೇರೆಯೇ ಲೆಕ್ಕ. ಅವಳ ಅಕೌಂಟಿನಲ್ಲಿ ಒಂದೂ ಫೋಟೊ ಇಲ್ಲ. ರಾತ್ರಿ ಗೆಳತಿಯರಿಗೆ ರೀಲ್ಸ್ ಕಳಿಸುತ್ತಾಳೆ, ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಮಾತು ಆ ರೀಲ್‌ನಿಂದಲೇ ಶುರು. ಈಗಿನ ಮಕ್ಕಳು ಮಾತೇ ಆಡಲ್ಲ ಅನ್ನುವ ನಮ್ಮಮ್ಮ ಒಂದ್ಸಲ ಆ ಬಸ್‌ಸ್ಟಾಪಿಗೆ ಹೋಗಿ ನಿಲ್ಲಬೇಕು, ಕಿವಿ ಮುಚ್ಚಿಕೊಂಡು ಬರುತ್ತಾರೆ. ದಿನಾ ಮುಖ ನೋಡುವ ಆ ಹುಡುಗಿಯರಿಗೆ ಇದು ಬರೀ ಒಗ್ಗರಣೆ. ನಾನು ಒಗ್ಗರಣೆಯನ್ನೇ ಊಟ ಅಂದ್ಕೊಂಡಿದ್ದೆ.

ರೂಮ್‌ಮೇಟ್‌ನ ಸ್ಟೋರಿಯನ್ನು ಈಗ ಮ್ಯೂಟ್ ಮಾಡಿದ್ದೇನೆ. ಮುಂದಿನ ತಿಂಗಳು ಪುಣೆಯಿಂದ ಬರುತ್ತಾನಂತೆ. ಈ ನಡುವೆ ಎಲ್ಲೆಲ್ಲಿ ಸುತ್ತಿದನೋ, ಏನೇನು ತಗೊಂಡನೋ, ಒಂದೂ ಗೊತ್ತಿಲ್ಲ. ಕೇಳಬೇಕು.